ಅಂಬಾರಿ ಆನೆಗೆ ತಾಳ್ಮೆ, ಗೇಟಿನ ನಾಯಿಗೆ ಚಪ್ಪಲಿ

ಮೈಸೂರಿನ ಕುವೆಂಪುನಗರದಲ್ಲಿ ಅಣ್ಣನ ಮನೆ. ಅಲ್ಲಿ ರಾಜ ಅಂತ ಒಂದು ನಾಯಿ ಇದೆ. ಗೇಟು ತೆಗೆದವರ ಮೇಲೆಲ್ಲ ಎಗರುತ್ತಾನೆ. ಹೋದ ಸಲ ರಜೆಗೆ ಹೋಗಿದ್ದಾಗ ಇದನ್ನ ಬಿಡಿಸೋಣ ಅಂತ, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ ಚೂರುಗಳನ್ನು ಜೇಬಿನಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದೆ. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನಿಂದ ಇಣುಕಿ, "ಏನಪ್ಪಾ, ಜರ್ಮನಿಯಲ್ಲಿ ನಾಯಿಗೂ ಲಂಚ ಕೊಡಬೇಕಾ?" ಅಂದರು. ಅತ್ತಿಗೆ ನಕ್ಕರು. ಅಣ್ಣ ಇನ್ನೂ ಜೋರಾಗಿ ನಕ್ಕ. ನಾನೂ ನಕ್ಕೆ. ಆದರೆ ಮಾತು ಚುಚ್ಚಿತು. ಬರ್ಲಿನ್‌ಗೆ ವಾಪಸ್ ಬಂದ ಮೇಲೂ ಅದೇ ತಲೆಯಲ್ಲಿ ಕೊರೀತಾ ಇದೆ.

ಲಂಚ ಕೆಲಸ ಆಗೋಕೆ ಮುಂಚೆ ಕೊಡೋದು ಸಾರ್. ನಾನು ಕೊಡ್ತಿದ್ದದ್ದು ಕೆಲಸ ಆದ ಮೇಲೆ. ಅದು ಸಂಬಳ.

ರಾಜ ಎಗರೋದು ಯಾಕೆ? ಯಾರಾದರೂ ತನ್ನ ಕಡೆ ನೋಡಲಿ ಅಂತ. ಇಡೀ ದಿನ ಸರಪಳಿಯಲ್ಲಿರೋ ಪ್ರಾಣಿಗೆ ಗೇಟು ಸದ್ದಾದರೆ ಅದೇ ಹಬ್ಬ. ಎಗರಿದ ಕೂಡಲೇ ನಾವು "ಏಯ್, ಇಳಿಯೋ!" ಅಂತ ಕೂಗ್ತೀವಿ, ಎರಡೂ ಕೈಯಲ್ಲಿ ಎದೆ ಹಿಡಿದು ತಳ್ತೀವಿ. ಅವನಿಗೆ ಬೇಕಾಗಿದ್ದೂ ಅದೇ. ನೋಡಿದರು, ಮಾತಾಡಿಸಿದರು, ಮುಟ್ಟಿದರು. ನಾಳೆ ಇನ್ನೂ ಎತ್ತರಕ್ಕೆ ಎಗರ್ತಾನೆ. ನಾನು ಮಾಡ್ತಿದ್ದದ್ದು ಇಷ್ಟೇ. ಎಗರಿದರೆ ಬೆನ್ನು ತಿರುಗಿಸಿ ಸುಮ್ನೆ ನಿಲ್ಲೋದು. ನಾಲ್ಕೂ ಕಾಲು ನೆಲದ ಮೇಲೆ ಬಂದ ಕ್ಷಣವೇ "ಶಹಬ್ಬಾಸ್" ಅಂತ ಒಂದು ಚೂರು ಕೊಡೋದು. ತಡ ಮಾಡಬಾರದು. ಒಂದೆರಡು ಸೆಕೆಂಡ್ ದಾಟಿದರೆ ಯಾವುದಕ್ಕೆ ಕೊಟ್ಟರು ಅಂತ ನಾಯಿಗೆ ಗೊತ್ತಾಗಲ್ಲ. ಸಂಜೆ ಹೊತ್ತಿಗೆ ರಾಜ ನನ್ನ ಮುಂದೆ ಬಂದು ತಾನಾಗಿ ಕೂರ್ತಿದ್ದ. ಅಣ್ಣ ಬಂದ ತಕ್ಷಣ ಅವನ ಮೇಲೆ ಎಗರಿದ. ಅಣ್ಣನಿಗೆ ಅದೇ ಸಾಕಾಯಿತು, "ನೋಡಿದ್ಯಾ?" ಅಂದ. ನೋಡಿದೆ. ನಾಯಿ ಕಲಿತಿತ್ತು, ಮನೆಯವರು ಕಲಿತಿರಲಿಲ್ಲ.

ಬರ್ಲಿನ್‌ನಲ್ಲಿ ನಾನು ಸಾಕಿರೋ ನಾಯಿಯ ಹೆಸರು ಬೆಲ್ಲ. ಮಂಡ್ಯದವನು ಬೇರೇನು ಹೆಸರಿಡಲಿ? ಅವಳಿಗೆ ವರ್ಷಕ್ಕೆ 120 ಯೂರೋ ತೆರಿಗೆ ಕಟ್ತೀನಿ. ಈ ದೇಶದಲ್ಲಿ ನಾಯಿ ಅಂದರೆ ಕಾಗದ ಪತ್ರ. ಲೋವರ್ ಸ್ಯಾಕ್ಸನಿ ರಾಜ್ಯದಲ್ಲಂತೂ ಹೊಸದಾಗಿ ನಾಯಿ ಸಾಕುವವರು 2013ರಿಂದ ಪರೀಕ್ಷೆಯನ್ನೇ ಬರೆಯಬೇಕು. ಮುಳ್ಳಿನ ಕತ್ತುಪಟ್ಟಿ ಹಾಕಿ ಪಳಗಿಸೋದು 2022ರಿಂದ ಇಡೀ ದೇಶದಲ್ಲಿ ನಿಷೇಧ. ಮರುವರ್ಷದಿಂದ ನಾಯಿಯನ್ನು ಕಟ್ಟಿಹಾಕಿ ಸಾಕೋದಕ್ಕೂ ಹೆಚ್ಚುಕಮ್ಮಿ ನಿಷೇಧ ಬಂತು. ಇದೆಲ್ಲ ಅತಿ ಅಂತ ಮೊದಮೊದಲು ನನಗೂ ಅನ್ನಿಸಿತ್ತು. ಆಮೇಲೆ ಬೆಲ್ಲಳನ್ನು ಕರೆದುಕೊಂಡು ಶನಿವಾರದ ನಾಯಿ ಕ್ಲಾಸಿಗೆ ಹೋದೆ. ಅಲ್ಲಿ ಯಾರೂ ದನಿ ಎತ್ತಲಿಲ್ಲ. ಕಲಿಸುವಾಕೆ ಬೆಲ್ಲಳನ್ನು ನೋಡಲೇ ಇಲ್ಲ, ನನ್ನ ಕೈಯನ್ನೇ ನೋಡ್ತಿದ್ದಳು. ನಾಯಿ ಹಗ್ಗ ಎಳೆದರೆ ನಿಂತುಬಿಡಿ, ಸಡಿಲ ಬಿಟ್ಟರೆ ಹೆಜ್ಜೆ ಹಾಕಿ ಅಂದಳು. ಅವತ್ತು ನಮ್ಮ ಬೀದಿಯ ಒಂದು ಬದಿ ದಾಟೋದಕ್ಕೇ ಅರ್ಧ ಗಂಟೆ ಹಿಡೀತು. ನಮ್ಮೂರಲ್ಲಿ ಯಾರಾದರೂ ನೋಡಿದ್ದರೆ ಇವನಿಗೆ ತಲೆ ಕೆಟ್ಟಿದೆ ಅಂತಿದ್ದರು. ಈಗ ಹಗ್ಗ ಕೈಯಲ್ಲಿ ಇದೆಯೋ ಇಲ್ಲವೋ ಅನ್ನೋ ಹಾಗೆ ನಡೀತಾಳೆ. ತಿಂಡಿ ಯಾವಾಗಲೋ ಒಂದು ಸಲ.

ಊರಲ್ಲಿ ನನಗೆ ತಡೆಯೋಕಾಗದ ವಿಷಯ ಒಂದೇ. ನಾವು ನಾಯಿಯ ಕಡೆ ತಿರುಗೋದು ಅದು ತಪ್ಪು ಮಾಡಿದಾಗ ಮಾತ್ರ. ರಾಜ ಬೆಳಗ್ಗಿಂದ ಮಧ್ಯಾಹ್ನದವರೆಗೆ ಬಾಲ ಸುತ್ತಿಕೊಂಡು ಬಿದ್ದಿರ್ತಾನೆ. ಒಂದು ಮಾತಿಲ್ಲ, ಒಂದು ಸವರೋದಿಲ್ಲ. ಕೊರಿಯರ್ ಹುಡುಗನಿಗೆ ಬೊಗಳಿದ ಅಂದರೆ ಚಪ್ಪಲಿ ಹಾರುತ್ತೆ. ತಮಾಷೆ ಅಂದರೆ ಗೇಟಿನ ಮೇಲೆ "ನಾಯಿ ಇದೆ ಎಚ್ಚರಿಕೆ" ಅನ್ನೋ ಬೋರ್ಡು ಹಾಕಿರೋದೂ ನಾವೇ. ಕಳ್ಳನಿಗೆ ಬೊಗಳಬೇಕು, ಹಾಲಿನವನಿಗೆ ಬೊಗಳಬಾರದು. ಇವರಿಬ್ಬರಿಗೂ ವ್ಯತ್ಯಾಸ ಏನು ಅಂತ ಅವನಿಗೆ ಹೇಳಿಕೊಟ್ಟವರು ಯಾರು?

ಒಳಗೆ ಉಚ್ಚೆ ಹೊಯ್ದರೆ ಮೂತಿ ಹಿಡಿದು ಅದಕ್ಕೇ ಒರೆಸೋದು ಇನ್ನೊಂದು. ಮರಿ ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ ಹೊರಗೆ ಕರೆದುಕೊಂಡು ಹೋಗಿ, ಅಲ್ಲಿ ಮಾಡಿದಾಗ ಮೆಚ್ಚಿದರೆ ಆಯಿತು. ಮೂತಿ ಒರೆಸಿಸಿಕೊಂಡ ನಾಯಿ ಮನೆಯೊಳಗೆ ಮಾಡಬಾರದು ಅಂತ ಕಲಿಯಲ್ಲ, ನಿಮ್ಮೆದುರು ಮಾಡಬಾರದು ಅಂತ ಕಲಿಯುತ್ತೆ. ಆಮೇಲೆ ಸೋಫಾ ಹಿಂದೆ ಹೋಗುತ್ತೆ. ಅತ್ತಿಗೆ ಒಪ್ಪಲ್ಲ. "ಅವನಿಗೆ ಎಲ್ಲಾ ಗೊತ್ತು, ಮುಖ ನೋಡು, ಹೇಗೆ ತಪ್ಪಿತಸ್ಥನ ಥರ ಇದೆ" ಅಂತಾರೆ. ಈ ಮುಖದ ಬಗ್ಗೆ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವವರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ತಿಂಡಿ ಮುಂದಿಟ್ಟು, ತಿನ್ನಬೇಡ ಅಂತ ಹೇಳಿ ಯಜಮಾನರು ಹೊರಗೆ ಹೋಗೋದು, ವಾಪಸ್ ಬಂದಾಗ ನಾಯಿ ತಿಂದಿದೆ ಅಂತ ಕೆಲವು ಸಲ ಅವರಿಗೆ ಸುಳ್ಳು ಹೇಳೋದು. ತಿಂದಿದ್ದಕ್ಕೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ. ಬೈಸಿಕೊಂಡಾಗ ನಾಯಿಗಳು ಆ ಮುಖ ಜಾಸ್ತಿ ಮಾಡಿದವು. ಏನೂ ತಿನ್ನದೆ ಬೈಸಿಕೊಂಡವು ಇನ್ನೂ ಜಾಸ್ತಿ ಮಾಡಿದವು. ಅದು ಪಶ್ಚಾತ್ತಾಪ ಅಲ್ಲ ಅತ್ತಿಗೆ, ನಿಮ್ಮ ದನಿಗೆ ಹೆದರಿಕೆ.

ಒಮ್ಮೆ ಅಣ್ಣ ಒಬ್ಬ ಟ್ರೈನರ್‌ನೂ ಕರೆಸಿದ್ದನಂತೆ. ಆತ ಕತ್ತು ಬಿಗಿಯುವ ಚೈನು ತಂದು, ಯಜಮಾನ ಯಾರು ಅಂತ ಮೊದಲು ತೋರಿಸಬೇಕು ಅಂದನಂತೆ. ಈ ಯಜಮಾನಿಕೆಯ ಕಥೆ ಬಂದದ್ದು ತೋಳಗಳಿಂದ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡ್ತಿದ್ದ ರುಡಾಲ್ಫ್ ಶೆಂಕೆಲ್ 1947ರಲ್ಲಿ ಇದನ್ನ ಬರೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಇರೋ ಸಂಸಾರ ಅಂತ ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1999ರಲ್ಲೇ ಬರೆದರು. ಟ್ರೈನರ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅವನು ಹೋದ ಮೇಲೆ ರಾಜ ಗುರ್ ಅನ್ನೋದನ್ನ ನಿಲ್ಲಿಸಿದ್ದಾನೆ ಅಂತ ಮನೆಯಲ್ಲಿ ಖುಷಿ. ನನಗೆ ಭಯ. ಗುರ್ ಅನ್ನೋದು ನಾಯಿ ಕೊಡೋ ಎಚ್ಚರಿಕೆ. ಅದನ್ನೇ ಹೊಡೆದು ಅಡಗಿಸಿದರೆ ಮುಂದೊಂದು ದಿನ ಹೇಳದೆ ಕೇಳದೆ ಬಾಯಿ ಹಾಕುತ್ತೆ.

ಇದು ಮೈಸೂರಿಗೆ ಗೊತ್ತಿಲ್ಲದ ವಿದ್ಯೆ ಆಗಿದ್ದರೆ ಬಿಡಿ ಅಂತಿದ್ದೆ. ದಸರಾ ಆನೆಗಳನ್ನು ನೋಡಿ. ಗಜಪಯಣ ಮುಗಿಸಿ ವಾರಗಟ್ಟಲೆ ಮುಂಚೆ ಬರ್ತವೆ. 750 ಕೆಜಿ ಅಂಬಾರಿಯನ್ನು ಬಂದ ದಿನವೇ ಬೆನ್ನಿಗೆ ಹಾಕ್ತಾರಾ? ಮೊದಲು ಬರಿ ಬೆನ್ನಿನಲ್ಲಿ ನಡಿಗೆ. ಆಮೇಲೆ ಮರಳು ಮೂಟೆ, ಸ್ವಲ್ಪ ಸ್ವಲ್ಪವೇ ಭಾರ ಜಾಸ್ತಿ. ಆಮೇಲೆ ಮರದ ಅಂಬಾರಿ. ಜೊತೆಗೆ ಬೆಲ್ಲ, ತೆಂಗಿನಕಾಯಿ, ಬೇಯಿಸಿದ ಕಾಳು. ಕುಶಾಲತೋಪಿನ ಸದ್ದಿಗೆ ಬೆದರಬಾರದು ಅಂತ ಆನೆ, ಕುದುರೆ ಎಲ್ಲವನ್ನೂ ಮತ್ತೆ ಮತ್ತೆ ಕರೆತಂದು ಫಿರಂಗಿ ತಾಲೀಮು ಬೇರೆ. ಅಂಕುಶ, ಸರಪಳಿ ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಹಂತ ಹಂತವಾಗಿ ಅಭ್ಯಾಸ ಮಾಡಿಸಬೇಕು ಅನ್ನೋ ತಿಳಿವಳಿಕೆ ಈ ಊರಲ್ಲಿ ಇದೆ, ಅಲ್ವಾ? ಅದೇ ಊರಲ್ಲಿ ದೀಪಾವಳಿ ಪಟಾಕಿಗೆ ರಾಜ ಮಂಚದ ಕೆಳಗೆ ನಡುಗ್ತಾ ಕೂತರೆ ಪುಕ್ಕಲ ಅಂತ ನಗ್ತಾರೆ. ಹಬ್ಬಕ್ಕೆ ಒಂದೆರಡು ತಿಂಗಳು ಇರುವಾಗಲೇ ಫೋನಿನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣಗೆ ಹಾಕಿ, ಜೊತೆಗೆ ಏನಾದರೂ ರುಚಿಯಾದದ್ದು ಕೊಡ್ತಾ, ಅವನು ನಿರಾಳವಾಗಿರೋವಷ್ಟೇ ಸದ್ದು ಏರಿಸ್ತಾ ಹೋದರೆ ಬಹಳ ನಾಯಿಗಳಿಗೆ ಉಪಯೋಗ ಆಗುತ್ತೆ. ಹೆದರಿದಾಗ ಪಕ್ಕದಲ್ಲಿ ಕೂತು ಸಮಾಧಾನ ಮಾಡಿದರೆ ಹೆದರಿಕೆ ಬೆಳೆಯಲ್ಲ. ಮುದ್ದು ಮಾಡಿ ಹಾಳು ಮಾಡಿದಿರಿ ಅನ್ನೋರ ಮಾತು ಕೇಳಬೇಡಿ.

ಇಷ್ಟೆಲ್ಲ ಬರೆದ ಮೇಲೆ ಒಪ್ಪಿಕೊಳ್ಳಲೇಬೇಕಾದ ಒಂದು ವಿಷಯ ಉಳಿದಿದೆ, ಇಷ್ಟವಿಲ್ಲದಿದ್ದರೂ. ಪಾಂಡವಪುರದ ಕಡೆ ನಮ್ಮೂರಿನ ಆಲೆಮನೆ ಹತ್ತಿರ ಎರಡು ನಾಯಿಗಳಿವೆ. ಯಾರ ನಾಯಿಗಳೂ ಅಲ್ಲ, ಎಲ್ಲರವೂ. ಹಗ್ಗ ಇಲ್ಲ, ಕ್ಲಾಸ್ ಇಲ್ಲ. ಕಬ್ಬಿನ ಟ್ರಾಕ್ಟರ್ ಬಂದರೆ ಎದ್ದು ಪಕ್ಕಕ್ಕೆ ಹೋಗ್ತವೆ, ಮಕ್ಕಳು ಬಾಲ ಎಳೆದರೆ ಎದ್ದು ದೂರ ಹೋಗ್ತವೆ. ಸಂಜೆ ಅಜ್ಜಿ ಉಳಿದ ಮುದ್ದೆ ಹಾಕೋ ಹೊತ್ತಿಗೆ ಹೊಸಿಲ ಆಚೆ ಕೂತಿರ್ತವೆ. ಒಂದು ದಿನವೂ ಒಳಗೆ ಕಾಲಿಟ್ಟಿಲ್ಲ. ನನ್ನ ಬೆಲ್ಲ, ಕ್ಲಾಸ್ ಪಾಸಾದವಳು, ಮಗುವಿನ ಕೈಯಲ್ಲಿ ಬಲೂನು ಕಂಡರೆ ನನ್ನ ಕಾಲ ಮಧ್ಯೆ ನುಗ್ತಾಳೆ. ನಾನು ಕೆಲಸಕ್ಕೆ ಹೋದರೆ ಬಾಗಿಲು ಕೆರೆಯುತ್ತಾಳೆ. ಅವಳನ್ನು ಹಗಲು ಹೊರಗೆ ಕರೆದುಕೊಂಡು ಹೋಗೋಕೆ ದುಡ್ಡು ಕೊಟ್ಟು ಜನ ಇಟ್ಟಿದ್ದೀನಿ. ಇಲ್ಲಿ ಕಲಿಸೋ ಅರ್ಧ ಪಾಠ ಒಂಟಿತನದ ರಿಪೇರಿ ಅಂತ ಒಂದೊಂದು ಸಲ ಅನ್ನಿಸುತ್ತೆ.

ಅತ್ತಿಗೆಗೆ ಪುರುಸೊತ್ತೂ ಇಲ್ಲ. ಅಡುಗೆ, ಮಕ್ಕಳು, ಅತ್ತೆಯ ಮಾತ್ರೆ, ಇವುಗಳ ಮಧ್ಯೆ ನಾಯಿ ಕೂತ ಕ್ಷಣ ನೋಡಿ ಶಹಬ್ಬಾಸ್ ಅನ್ನೋದು ಯಾವಾಗ? ಬೆಳಗ್ಗೆ ವಾಕಿಂಗ್ ಹೋಗೋ ವಯಸ್ಸಾದವರು ಕೈಯಲ್ಲಿ ಕೋಲು ಹಿಡಿಯೋದೂ ಸುಮ್ನೆ ಅಲ್ಲ. ಬೀದಿನಾಯಿ ಕಡಿತ, ರೇಬೀಸ್ ಭಯ ಅವರಿಗೆ ನಿಜ. ಬರ್ಲಿನ್‌ನಲ್ಲಿ ಕೂತು ಅವರಿಗೆ ಪಾಠ ಹೇಳೋದು ಸುಲಭ.

ಹಾಗಂತ ಸರಪಳಿಯ ವಿಷಯದಲ್ಲಿ ಬಿಟ್ಟುಕೊಡಲ್ಲ. ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಓಡಾಡಿಸದೆ ಇರೋದು ಹಿಂಸೆ, ಅಪರಾಧ ಅಂತ ನಮ್ಮ ದೇಶದ್ದೇ ಕಾಯಿದೆ ಹೇಳುತ್ತೆ. ಪ್ರಾಣಿಹಿಂಸೆ ತಡೆ ಕಾಯಿದೆ, 1960, ಸೆಕ್ಷನ್ 11. ಜರ್ಮನಿಯ ನಿಷೇಧಕ್ಕಿಂತ ಅರವತ್ತಕ್ಕೂ ಜಾಸ್ತಿ ವರ್ಷ ಹಳೆಯದು. ಆ ಸಾಲನ್ನು ಅಣ್ಣನಿಗೆ ವಾಟ್ಸಾಪ್ ಮಾಡಿ, ದಿನಕ್ಕೆ ಅರ್ಧ ಗಂಟೆ ಬಿಚ್ಚಿ ಓಡಾಡಿಸು, ಬೇರೆ ಏನೂ ಬೇಡ ಅಂತ ಬರೆದೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.