ಬಿಳಿ ಗೆರೆಯ ಆಚೆಗಿನ ಸವಾರ

ಜೂನ್ 3ರ ವಿಶ್ವ ಸೈಕಲ್ ದಿನದಂದು ಗಣ್ಯರು ಬಿಳಿ ಟೋಪಿ ತೊಟ್ಟು ಇನ್ನೂರು ಮೀಟರ್ ಸೈಕಲ್ ತುಳಿದು, ಹಿಂದೆಯೇ ಬಂದ ಕಾರು ಹತ್ತಿ ಮರಳುವುದು ನಿಮಗೆ ಗೊತ್ತಿರುವ ಸಂಗತಿಯೇ. ಕಾರು ಹತ್ತುವ ಭಾಗ ಮಾತ್ರ ಪತ್ರಿಕೆಯ ಚಿತ್ರದಲ್ಲಿ ಬರುವುದಿಲ್ಲ. ಈ ಸಲದ ಚಿತ್ರದಲ್ಲಿದ್ದ ಒಂದು ಸೈಕಲ್ಲು ನನ್ನದೇ, ಜಾಥಾದವರು ಕೇಳಿ ಒಯ್ದದ್ದು. ಅದನ್ನು ಕಂಡು ಹುರುಪೇರಿ, ಅಂಕೋಲೆಯಿಂದ ಕಾರವಾರದ ಕಚೇರಿಗೆ ಸುಮಾರು 35 ಕಿ.ಮೀ. ದಿನವೂ ತುಳಿದರೇನು ಎಂದು ಲೆಕ್ಕ ಹಾಕಲು ಕುಳಿತೆ.

ಅನುಕೂಲಗಳೇನು ಕಡಿಮೆಯಿಲ್ಲ. ಹಟ್ಟಿಕೇರಿಯ ಟೋಲ್ ಗೇಟಿನಲ್ಲಿ ಸೈಕಲ್ಲಿಗೆ ಕಾಸು ಕೇಳುವುದಿಲ್ಲ. ನಮಗೆಂದು ಏನನ್ನೂ ಕಟ್ಟದ ಮೇಲೆ ಯಾವ ಬಾಯಲ್ಲಿ ಕೇಳಿಯಾರು? ಹೆದ್ದಾರಿ 66ರ ಅಂಚಿನ ಬಿಳಿ ಗೆರೆಯ ಆಚೆಗಿನ ಜಾಗ ನಮ್ಮದೇ. ಅಲ್ಲಿ ಎದುರಿನಿಂದ ನುಗ್ಗುವ ಸ್ಕೂಟರಿಗೆ, ಮಲಗಿದ ದನಕ್ಕೆ, ಕೆಟ್ಟು ನಿಂತ ಲಾರಿಗೆ, ಆ ಲಾರಿ ಹೊರಟುಹೋದ ಮೇಲೂ ರಸ್ತೆಯಲ್ಲೇ ಉಳಿದ, ಚಕ್ರಕ್ಕೆ ಒತ್ತುಕೊಟ್ಟಿದ್ದ ಕಲ್ಲಿಗೆ ದಾರಿ ಬಿಟ್ಟರಾಯಿತು.

ಮೀನು ಲಾರಿಯ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಮುಂದೆ ಹೋಗುತ್ತಿದ್ದರೆ ಕರಗಿದ ಮಂಜುಗಡ್ಡೆಯ ನೀರು ಸಣ್ಣ ಧಾರೆಯಾಗಿ ಸುರಿದು ಡಾಂಬರಿನ ಮೇಲೆ ಎಣ್ಣೆಯಂಥ ಪಸೆಯನ್ನು ಬಿಡುತ್ತದೆ. ತಿರುವಿನಲ್ಲಿ ಬ್ರೇಕು ಹಿಡಿದವನಿಗೆ ಅದರ ಮಹಿಮೆ ತಿಳಿಯುತ್ತದೆ. ಕಳೆದ ವರ್ಷ ಅಮದಳ್ಳಿಯ ಹತ್ತಿರ ನನ್ನ ಮೊಣಕಾಲಿಗೂ ತಿಳಿದಿದೆ. ಆ ಅಂಗಿ ಮೂರು ಸಲ ಒಗೆದರೂ ಬಂಗಡೆಯ ವಾಸನೆ ಬಿಡಲಿಲ್ಲ, ಮನೆಯ ಬೆಕ್ಕಿಗೆ ಅಂದಿನಿಂದ ನನ್ನ ಮೇಲೆ ವಿಶೇಷ ಪ್ರೀತಿ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್, ಜುಲೈಗಳಲ್ಲಿ ಈ ಅಭಿಷೇಕ ಕಡಿಮೆಯಾಗುತ್ತದೆ, ಆಗ ಮಳೆರಾಯನೇ ಬದಲಿ ನೌಕರನಾಗಿ ಬಂದು ಹೊಂಡಗಳನ್ನು ಮುಚ್ಚಿ ಕಾಣದಂತೆ ಮಾಡುತ್ತಾನೆ.

ಇನ್ನು ಬಿಣಗಾದ ಸುರಂಗ. ಸುರಕ್ಷತೆಯ ಪ್ರಮಾಣಪತ್ರದ ತಕರಾರಿನಲ್ಲಿ 2023ರಲ್ಲಿ ಕೆಲಕಾಲ ಮುಚ್ಚಿದ್ದ ಆ ಸುರಂಗದೊಳಗೆ, ಹಿಂದೆ ಬರುವ ಟ್ಯಾಂಕರಿನ ಸದ್ದು ನಾಲ್ಕೂ ಕಡೆಯಿಂದ ಕೇಳುವಾಗ, ಸೈಕಲ್ ಸವಾರನಲ್ಲಿ ಮೂಡುವ ದೈವಭಕ್ತಿಯನ್ನು ಯಾವ ಪುರಾಣ ಪ್ರವಚನವೂ ಮೂಡಿಸಲಾರದು.

ಹಾಗೆಂದು ನಗುತ್ತಲೇ ಬರೆಯಲು ಕುಳಿತಿದ್ದೆ. ಆದರೆ ಇದೇ ಹೆದ್ದಾರಿಗಾಗಿ ಬುಡ ಕಡಿದ ಶಿರೂರಿನ ಗುಡ್ಡ 2024ರ ಜುಲೈ 16ರಂದು ಜಾರಿ, ರಸ್ತೆ ಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದವರನ್ನೂ ಅಲ್ಲಿ ನಿಂತಿದ್ದವರನ್ನೂ ಒಯ್ದಿತು. ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿಯೊಂದನ್ನು ಮೇಲೆತ್ತಲು 71 ದಿನ ಬೇಕಾಯಿತು. ಶಿರೂರು ನನ್ನ ದಾರಿಯಲ್ಲಿಲ್ಲ, ಅಂಕೋಲೆಯ ಆ ಕಡೆಗಿದೆ. ಆದರೆ ರಸ್ತೆ ಅದೇ, ಅದನ್ನು ಮಾಡಿದ ರೀತಿಯೂ ಅದೇ. ರಸ್ತೆಯೆಂದರೆ ವೇಗವಾಗಿ ಹೋಗುವವರಿಗೆ ಮಾತ್ರ ಎಂದು ತೀರ್ಮಾನಿಸಿದವರು ಬದಿಯಲ್ಲಿ ನಿಂತವನನ್ನೂ ನಡೆಯುವವನನ್ನೂ ಲೆಕ್ಕಕ್ಕೇ ಹಿಡಿಯಲಿಲ್ಲ. ಇದನ್ನು ಇನ್ನೆಷ್ಟು ಸಲ ಹೇಳುವುದು, ಬೇಸರ ಬಂದಿದೆ.

ನಾನು ಬಸ್ ಪಾಸ್ ಮಾಡಿಸಿದ್ದೇನೆ. ಸೈಕಲ್ಲು ಜಗಲಿಯಲ್ಲಿದೆ. ಹ್ಯಾಂಡಲ್ಲಿಗೆ ಜಾಥಾದವರು ಕಟ್ಟಿದ ರಿಬ್ಬನ್ನನ್ನು ಬಿಚ್ಚಿಲ್ಲ. ಮುಂದಿನ ಜೂನಿಗೆ ಮತ್ತೆ ಕೇಳಿಕೊಂಡು ಬರುತ್ತಾರಲ್ಲ.