ಸ್ಪೀಕರ್ ಕಾಲಿಗೆ ಏನು ತೊಡಿಸೋದು?

ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲನ್ನೂ ನೋಡುತ್ತಾರೆ. ನಾನು ಸ್ಪೀಕರ್ ಕೊಳ್ಳುವಾಗ ಕಣ್ಣು ಮುಚ್ಚಿ ಎರಡು ಹಾಡು ಕೇಳಿದೆ, ದುಡ್ಡು ಕೊಟ್ಟೆ. ಕಾಲು ನೋಡಲಿಲ್ಲ.

ಸೊಂಟದೆತ್ತರದ ಎರಡು ಸ್ಪೀಕರ್, ಒಂದೊಂದೂ 24 ಕಿಲೋ. ಡಬ್ಬದ ತಳದಲ್ಲಿ ಪುಟ್ಟ ಚೀಲ, ಅದರಲ್ಲಿ ಎಂಟು ಸ್ಪೈಕ್. ಬುಗುರಿಯ ಮೊಳೆಯ ಹಾಗೆ ಚೂಪು. ಆಮೇಲೆ ಗೊತ್ತಾಯಿತು, ಇದು ನೆಲಕ್ಕೆಲ್ಲ ದಪ್ಪ ಕಾರ್ಪೆಟ್ ಹಾಸುವ ಚಳಿ ದೇಶಗಳಿಗೆ ಹೇಳಿ ಮಾಡಿಸಿದ ಕಾಲು. ಕಾರ್ಪೆಟ್ ಮೇಲೆ ಸ್ಪೀಕರ್ ಅಲುಗಾಡುತ್ತದೆ, ಸ್ಪೈಕ್ ಅದನ್ನು ತೂರಿಕೊಂಡು ಹೋಗಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ನಮ್ಮನೆಯಲ್ಲಿ ತೂರೋಕೆ ಏನಿದೆ? ಕಾಂಕ್ರೀಟ್ ಮೇಲೆ ಹೊಳೆಯುವ ಟೈಲ್ಸ್. ಒಂದೊಂದು ಸ್ಪೈಕಿನ ಮೇಲೆ ಆರು ಕಿಲೋ ಭಾರ, ಅದೂ ಸಾಸಿವೆ ಕಾಳಿಗಿಂತ ಸಣ್ಣ ಜಾಗದಲ್ಲಿ. ಟೈಲ್ಸ್ ಏನಾಗಬೇಕು?

ಅದಕ್ಕೆ ಸ್ಪೈಕ್ ಕೆಳಗೆ ನಾಣ್ಯ ಇಟ್ಟೆ. ಹಳೇ ದಪ್ಪ ಐದು ರೂಪಾಯಿ, ಒಟ್ಟು ಎಂಟು. ಸುಮ್ನೆ ಬಿದ್ದಿದ್ದವು, ಕೆಲಸಕ್ಕೆ ಬಂದವು ಅಂತ ಖುಷಿಪಟ್ಟೆ. ಅಮ್ಮ ನೋಡಿದರು.

"ದುಡ್ಡಿನ ಮೇಲೆ ಕಾಲಿಡ್ತಾರೇನೋ?"

"ಕಾಲು ನಂದಲ್ಲಮ್ಮ, ಸ್ಪೀಕರ್‌ದು."

"ಯಾರದಾದ್ರೇನು, ಲಕ್ಷ್ಮಿ ಲಕ್ಷ್ಮೀನೇ."

ಮರುದಿನ ನೆಲ ಒರೆಸುವಾಗ ಮಾಪ್ ತಗುಲಿ ಒಂದು ನಾಣ್ಯ ಜಾರಿ ಸೋಫಾ ಕೆಳಗೆ ಹೋಯಿತು. ಸ್ಪೈಕ್ ಟೈಲ್ಸ್ ಮೇಲೆ ಕುಳಿತು ಬೆರಳುದ್ದ ಬಿಳಿ ಗೀರು ಎಳೆಯಿತು. ಎಂಟು ನಾಣ್ಯವೂ ದೇವರ ಮನೆ ಹುಂಡಿಗೆ ಹೋದವು.

ರಬ್ಬರ್ ಕಾಲು ಹಾಕೋಣ ಅಂದುಕೊಂಡೆ. ಮಿಕ್ಸಿ ಕಟ್ಟೆ ಮೇಲೆ ನಡೆದುಕೊಂಡು ಹೋಗದೆ ಇರುವುದು ರಬ್ಬರ್ ಬುಷ್‌ನಿಂದ ತಾನೆ? ಹಿಡಿತ ಚೆನ್ನಾಗಿದೆ, ಅದೇ ತೊಂದರೆ. ಎತ್ತರದ ಸ್ಪೀಕರನ್ನು ಮೇಲಿನಿಂದ ತಳ್ಳಿದರೆ ಕಾಲು ಕದಲುವುದಿಲ್ಲ, ತಲೆ ಮಾತ್ರ ವಾಲುತ್ತದೆ. ಕೆಲವು ರಬ್ಬರ್ ನೆಲದಲ್ಲಿ ಕಪ್ಪು ಉಂಗುರವನ್ನೂ ಬಿಡುತ್ತದೆ, ಉಜ್ಜಿದರೂ ಸುಲಭವಾಗಿ ಹೋಗುವುದಿಲ್ಲ. ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟ್ ನಾಲ್ಕು ದಿನ ಚೆಂದ. ಆಮೇಲೆ ಒದ್ದೆ ಬಟ್ಟೆಯ ನೀರು ಕುಡಿದು, ಮನೆಯವರೆಲ್ಲರ ಕೂದಲು ಕೂಡಿಸಿಕೊಂಡು ಇಲಿಮರಿ ಥರ ಕಾಣುತ್ತದೆ.

ಕೊನೆಗೆ ತಂದದ್ದು ಟೆಫ್ಲಾನ್ ತಳದ ಸ್ಲೈಡರ್, ಅಂದರೆ ನೆಲದ ಮೇಲೆ ಜಾರುವ ಕಾಲು. ದೋಸೆ ಅಂಟದ ಕಾವಲಿಗೆ ಬಳಿಯುತ್ತಾರಲ್ಲ, ಅದೇ ಟೆಫ್ಲಾನ್. ಅಂಟಿಸುವ ಬಿಲ್ಲೆ ಬೇಡ, ತಿರುಪು ಇರುವುದೇ ಬೇಕು, ಯಾಕೆಂದರೆ ನಮ್ಮ ನೆಲ ಬಾಲ್ಕನಿ ಕಡೆ ಒಂಚೂರು ಏರುತಗ್ಗು, ನಾಲ್ಕು ಕಾಲಲ್ಲಿ ಒಂದು ಯಾವಾಗಲೂ ಗಾಳಿಯಲ್ಲೇ ಇರುತ್ತಿತ್ತು, ದರ್ಶಿನಿ ಟೇಬಲ್ಲಿನ ಹಾಗೆ ಕಾಗದ ಮಡಚಿ ಇಡಬೇಕಾಗುತ್ತಿತ್ತು. ಸ್ಪೀಕರ್ ತಳದಲ್ಲಿದ್ದದ್ದು ಎಂ8 ತೂತು, ಅಂದರೆ ಎಂಟು ಮಿಲಿಮೀಟರ್ ದಪ್ಪದ ತಿರುಪು ಹಿಡಿಯುವಂಥದ್ದು. ಒಂದು ಸುತ್ತು ತಿರುಗಿಸಿದರೆ 1.25 ಮಿಲಿಮೀಟರ್ ಏರುತ್ತದೆ. ಮುಕ್ಕಾಲು ಸುತ್ತಿಗೆ ಕುಟುಕುಟು ನಿಂತಿತು. ನಟ್ ಬಿಗಿದೆ. (ಎಂ6 ಕೂಡ ಇರುತ್ತದೆ, ಅಳೆದು ಹೋಗಿ. ನಾನು ಅಂಗಡಿಗೆ ಎರಡು ಸಲ ಹೋದೆ.)

ಹಾಡು ಬದಲಾಯಿತಾ? ನನ್ನ ಕಿವಿಗೆ ಇಲ್ಲ. ಗಟ್ಟಿ ನೆಲದ ಮೇಲೆ ಅಲುಗಾಡದೆ ನಿಂತರೆ ಸಾಕು, ಉಳಿದದ್ದಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ.

ಬದಲಾದದ್ದು ಶುಕ್ರವಾರ. ಅಮ್ಮ ಸೀರೆ ನೆರಿಗೆ ಸಿಕ್ಕಿಸಿಕೊಂಡು, ತಳದ ಹತ್ತಿರ ಪಾದ ಕೊಟ್ಟು ಮೆಲ್ಲಗೆ ನೂಕುತ್ತಾರೆ. 24 ಕಿಲೋ ಸುಯ್ಯನೆ ಸರಿಯುತ್ತದೆ. ಅಡಿಯೆಲ್ಲ ಒರೆಸಿ ಮತ್ತೆ ಒಳಕ್ಕೆ ನೂಕುತ್ತಾರೆ, ಆದರೆ ಮೊದಲಿದ್ದ ಜಾಗಕ್ಕಲ್ಲ. ಗುರುತಿಗೆ ಅಂಟಿಸಿದ್ದ ಟೇಪನ್ನು ಕೊಳೆ ಅಂತ ಕೆರೆದು ಹಾಕಿದ್ದಾರೆ. ಈಗ ನಾನು ಸಂಜೆ ಬಂದವನೇ ಚಪ್ಪಲಿ ಬಿಟ್ಟು ಗೋಡೆಯಿಂದ ಟೈಲ್ಸ್ ಎಣಿಸುತ್ತೇನೆ: ಒಂದು, ಒಂದೂವರೆ, ಇನ್ನೂ ಸ್ವಲ್ಪ ಎಡಕ್ಕೆ.