ಕಂಪನಿಯ ಪಂಚಾಂಗ

ನಮ್ಮ ಮನೆಯಲ್ಲಿ ಈಗ ಎರಡು ಪಂಚಾಂಗಗಳಿವೆ. ಒಂದು ದೇವರ ಕೋಣೆಯ ಮೊಳೆಗೆ ತೂಗುಹಾಕಿದ್ದು. ಅಮಾವಾಸ್ಯೆ, ಹುಣ್ಣಿಮೆ, ರಾಹುಕಾಲ ಎಲ್ಲವೂ ಅದರಲ್ಲಿವೆ. ಇನ್ನೊಂದು ನನ್ನ ಸಿಮ್ಮಿನ ಕಂಪನಿಯದು. ಅದು ಅಚ್ಚಾಗಿಲ್ಲ; ಏಳು ತಿಂಗಳಿಂದ ಅನುಭವಿಸಿ ಅನುಭವಿಸಿ ಬಾಯಿಪಾಠವಾಗಿದೆ. ಅದರ ಪ್ರಕಾರ ತಿಂಗಳಿಗೆ 28 ದಿನ, ವಾರಕ್ಕೆ ಸುಮಾರು 60 ದಿನ.

ತಿಂಗಳ ಲೆಕ್ಕ ನಿಮಗೂ ಗೊತ್ತು. ಇಪ್ಪತ್ತೆಂಟು ದಿನಕ್ಕೊಂದು ರೀಚಾರ್ಜ್ ಎಂದರೆ ವರ್ಷಕ್ಕೆ ಹದಿಮೂರು. ಸರ್ಕಾರ ನನಗೆ ಪಿಂಚಣಿ ಕೊಡುವುದು ಹನ್ನೆರಡು ಸಲ, ಕಂಪನಿ ನನ್ನಿಂದ ವಸೂಲು ಮಾಡುವುದು ಹದಿಮೂರು ಸಲ. ಕೊನೆಗೆ 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಧ್ಯೆ ಬಂದು, ಮೂವತ್ತು ದಿನದ ಪ್ಲಾನು ಒಂದನ್ನಾದರೂ ಇಡಿ ಎಂದು ಎಲ್ಲ ಕಂಪನಿಗಳಿಗೂ ಆದೇಶ ಹೊರಡಿಸಬೇಕಾಯಿತು. ನಮ್ಮ ಬೀದಿಯ ಹಾಲಿನವನು ಎರಡನೆಯ ತರಗತಿಗೇ ಶಾಲೆ ಬಿಟ್ಟವನು. ತಿಂಗಳಿಗೆ ಎಷ್ಟು ದಿನ ಎಂದು ಅವನಿಗೆ ಯಾವ ಪ್ರಾಧಿಕಾರವೂ ಆದೇಶ ಕಳುಹಿಸಿಲ್ಲ.

ವಾರದ ಲೆಕ್ಕ ಮಾತ್ರ ನಾನೇ ಕಂಡುಹಿಡಿದದ್ದು. ಯುಗಾದಿಯ ಹೊತ್ತಿಗೆ ಕಂಪನಿ ಹೊಸ ಸ್ಮಾರ್ಟ್‌ಫೋನ್ ಒಂದನ್ನು ಘೋಷಿಸಿತು. ಬೇರೆಲ್ಲೂ ಸಿಗದು, ನಮ್ಮ ಮಳಿಗೆಯಲ್ಲಿ ಮಾತ್ರ, ಕಂತಿನಲ್ಲಿ ಕೊಡುತ್ತೇವೆ, ವರ್ಷವಿಡೀ ಡೇಟಾ ಉಚಿತ ಎಂದಿತು. ನನ್ನ ಹಳೆಯ ಮೊಬೈಲಿನ ಗಾಜು ಜೇಡರ ಬಲೆಯಂತೆ ಬಿರುಕುಬಿಟ್ಟಿತ್ತು. ಹಿಂಬದಿಯ ಮುಚ್ಚಳವನ್ನು ರಬ್ಬರ್ ಬ್ಯಾಂಡ್ ಹಿಡಿದುಕೊಂಡಿತ್ತು. ನಮ್ಮ ಹಾಸನದ ಬಿ.ಎಂ. ರಸ್ತೆಯ ಮಳಿಗೆಗೆ ಹೋಗಿ ಸಾವಿರ ರೂಪಾಯಿ ಮುಂಗಡ ಕಟ್ಟಿದೆ. ಕೌಂಟರಿನ ಹುಡುಗ ರಸೀದಿ ಹರಿದುಕೊಟ್ಟು, "ಮುಂದಿನ ವಾರ ಬಂದುಬಿಡುತ್ತದೆ ಸರ್" ಎಂದ.

ಮುಂದಿನ ವಾರ ಹೋದೆ. "ಮುಂದಿನ ವಾರ" ಎಂದ. ಕೃತ್ತಿಕಾ ಮಳೆಗೆ ಹೋದೆ, ಆರಿದ್ರಾ ಮಳೆಗೆ ಹೋದೆ. ಆಷಾಢದಲ್ಲಿ ಒಳ್ಳೆಯ ಕೆಲಸ ಬೇಡವೆಂದು ನಾನೇ ಬಿಟ್ಟೆ. ಶ್ರಾವಣದಲ್ಲಿ, "ಗೌರಿ ಹಬ್ಬಕ್ಕೆ ಖಂಡಿತ" ಎಂದ. ಗೌರಿ ಬಂದಳು, ಮಗನನ್ನು ಕರೆತಂದಳು, ಇಬ್ಬರನ್ನೂ ನೀರಿಗೆ ಬಿಟ್ಟದ್ದಾಯಿತು. ಮೊಬೈಲ್ ಬರಲಿಲ್ಲ. ಆದರೆ ಅದರ ಬಗ್ಗೆ ದಿನಕ್ಕೆ ಎರಡು ಸಂದೇಶಗಳು ಮಾತ್ರ ತಪ್ಪದೆ ಬರುತ್ತಿದ್ದವು. ಆ ಸಂದೇಶಗಳನ್ನು ಬಿರುಕು ಗಾಜಿನ ಹಿಂದಿನಿಂದ ಅಕ್ಷರ ಕೂಡಿಸಿ ಓದುವುದೇ ನನಗೊಂದು ಕಸುಬಾಯಿತು. ಅದೇ ಕಂಪನಿ ರೀಚಾರ್ಜ್ ಮುಗಿಯುವುದಕ್ಕೆ ನಾಲ್ಕು ದಿನ ಮೊದಲೇ ಎಚ್ಚರಿಸುತ್ತದೆ. ಮುಗಿದ ದಿನ ಬೆಳಿಗ್ಗೆ ಕರೆಯನ್ನೇ ನಿಲ್ಲಿಸುತ್ತದೆ. ಸಮಯಪಾಲನೆ ಅದಕ್ಕೆ ಬಾರದ ವಿದ್ಯೆಯೇನಲ್ಲ.

"ತಡ ಯಾಕಪ್ಪಾ?" ಎಂದು ಒಮ್ಮೆ ಕೇಳಿದೆ.

"ಟೆಸ್ಟಿಂಗ್ ನಡೆಯುತ್ತಿದೆ ಸರ್."

ಮೂವತ್ತು ವರ್ಷ ಪರೀಕ್ಷೆ ನಡೆಸಿದವನು ನಾನು. ಏಳು ತಿಂಗಳ ಪರೀಕ್ಷೆಯನ್ನು ಕಂಡಿರಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನನ್ನು ವಿಚಾರಿಸಿದಾಗ, ಇದು ಪೂರ್ತಿ ಸುಳ್ಳಲ್ಲ ಮಾವ ಎಂದ. ಒಂದೊಂದು ಕಂಪನಿಯ ತರಂಗಾಂತರವೂ ಬೇರೆಯಂತೆ. 4ಜಿಯಲ್ಲಿ ಮಾತು ಕೂಡ ಡೇಟಾದಂತೆಯೇ ತುಂಡುತುಂಡಾಗಿ ಹೋಗುವುದರಿಂದ, ಆ ಜಾಲಕ್ಕೆ ತಕ್ಕ ಹೊಂದಾಣಿಕೆ ಫೋನಿನೊಳಗೆ ಮೊದಲೇ ಇರಬೇಕಂತೆ. ಅದನ್ನು ಪರೀಕ್ಷಿಸಲು ಕೆಲವು ವಾರ ಹಿಡಿಯುತ್ತದೆ. "ಉಳಿದ ತಿಂಗಳುಗಳು?" ಎಂದೆ. ಅವನು ನಕ್ಕ. ಕಂಪನಿಯ ಸ್ವಂತ ಆ್ಯಪ್‌ಗಳನ್ನು ತುಂಬಬೇಕಲ್ಲ, ಅವು ಅಳಿಸಿದರೆ ಅಳಿಯದಂತೆ ನೋಡಿಕೊಳ್ಳಬೇಕಲ್ಲ, ಬೇರೆಯವರ ಸಿಮ್ ಹಾಕಿದರೆ ಬಾಯಿ ಬಿಡದಂತೆ ಬೀಗ ಜಡಿಯಬೇಕಲ್ಲ. ಬಾಡಿಗೆ ಮನೆಯ ಒಂದು ಮೂಲೆಯಲ್ಲಿ ಮಾಲೀಕ ತನ್ನ ಹಳೆಯ ಕಬ್ಬಿಣದ ಬೀರು ಇಟ್ಟು, ಅದು ಅಲ್ಲೇ ಇರಲಿ ಎನ್ನುವುದುಂಟು. ಇಲ್ಲಿ ಮನೆಯನ್ನೇ ನಾನು ಕೊಂಡುಕೊಳ್ಳುತ್ತಿದ್ದೇನೆ, ಬೀರು ಏಳು.

ಹಾಗೆಂದು ಇದು ನಮ್ಮ ಕಂಪನಿಯೊಂದರದೇ ರೋಗವಲ್ಲ. ಅಮೆರಿಕದಲ್ಲಿ ಮೊದಲ ಐಫೋನ್ ಮಾರಾಟಕ್ಕೆ ಬಂದದ್ದು 2007ರ ಜೂನ್ 29ರಂದು. ಅದು ನಮ್ಮ ದೇಶದ ಅಂಗಡಿಗೆ ಬರಲೇ ಇಲ್ಲ. ಅದರ ತಮ್ಮ, 3ಜಿ ಐಫೋನ್, ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ 2008ರ ಆಗಸ್ಟ್ 22ರಂದು ಬಂತು. ಕಡಿಮೆಯದಕ್ಕೇ 31,000 ರೂಪಾಯಿ. ಆಗ ನಮ್ಮಲ್ಲಿ 3ಜಿ ಜಾಲವೇ ಹರಡಿರಲಿಲ್ಲ ಎಂಬುದು ಬೇರೆ ಮಾತು. ಆ ಅಮೆರಿಕದಲ್ಲೂ 2011ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಗ್ಯಾಲಕ್ಸಿ ನೆಕ್ಸಸ್ ಫೋನ್, ನವೆಂಬರ್‌ನಲ್ಲಿ ಬ್ರಿಟನ್ನಿಗೆ ಬಂದರೂ ಅಲ್ಲಿಯ ಮೊಬೈಲ್ ಕಂಪನಿ ವೆರೈಜನ್‌ನ ಅಂಗಡಿಗೆ ಇಳಿದದ್ದು ಡಿಸೆಂಬರ್ 15ಕ್ಕೆ. ಅಲ್ಲಿಯ ಗ್ರಾಹಕರು ಅಷ್ಟಕ್ಕೇ ಹಲ್ಲು ಕಡಿದರಂತೆ. ಎಳೆಯರು ಪಾಪ, ಅಭ್ಯಾಸವಿಲ್ಲ. 2021ರಲ್ಲಿ ಗಣೇಶ ಚತುರ್ಥಿಗೆ ಬರಬೇಕಿದ್ದ ಜಿಯೋಫೋನ್ ನೆಕ್ಸ್ಟ್ ದೀಪಾವಳಿಗೆ ಬಂತು. ಚಿಪ್ ಕೊರತೆ ಎಂದರು. ಆ ವರ್ಷ ಲೋಕಕ್ಕೆಲ್ಲ ಚಿಪ್ ಕೊರತೆಯಿತ್ತು, ಒಪ್ಪೋಣ. ಮಾರನೆಯ ವರ್ಷ ಅಕ್ಟೋಬರ್ 1ರಂದು 5ಜಿಗೆ ಚಾಲನೆ ಸಿಕ್ಕಾಗ ಇನ್ನೊಂದು ಬಗೆಯ ತಮಾಷೆ ನಡೆಯಿತು. ಲಕ್ಷದ ಹತ್ತಿರ ಬೆಲೆಯ 5ಜಿ ಐಫೋನ್ ಕೈಯಲ್ಲಿತ್ತು, ದೊಡ್ಡ ಊರುಗಳಲ್ಲಿ 5ಜಿ ಜಾಲವೂ ಇತ್ತು, ಎರಡಕ್ಕೂ ಗಂಟು ಹಾಕುವ ತಂತ್ರಾಂಶ ಮಾತ್ರ ಡಿಸೆಂಬರ್‌ನಲ್ಲಿ ಬಂತು. ಹುಡುಗಿ ಹಸೆಮಣೆಯ ಮೇಲೆ, ಹುಡುಗನೂ ಹಸೆಮಣೆಯ ಮೇಲೆ, ಪುರೋಹಿತರ ಬಸ್ಸು ಇನ್ನೂ ಅರಸೀಕೆರೆ ಬಿಟ್ಟಿಲ್ಲ.

ಆದರೂ ಹಾಸನದಲ್ಲಿ ಕುಳಿತು ಕಾಯುವ ಅವಮಾನವೇ ಬೇರೆ. ನಮ್ಮೂರಿನಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂ.ಸಿ.ಎಫ್. ಇದೆ. 1982ರಿಂದಲೂ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿಯ ಎಂಜಿನಿಯರುಗಳು ನೋಡಿಕೊಳ್ಳುತ್ತಿದ್ದಾರೆ. ಆಕಾಶದಲ್ಲಿ ಒಂದು ಇನ್ಸಾಟ್ ತನ್ನ ಜಾಗದಿಂದ ಕೊಂಚ ಜರುಗಿದರೂ ಇಲ್ಲಿಂದಲೇ ಕಿವಿ ಹಿಂಡಿ ಸ್ವಸ್ಥಾನಕ್ಕೆ ತರುತ್ತಾರೆ. ಅಂಥ ಊರಿಗೆ, 180 ಕಿಲೋಮೀಟರ್ ದೂರದ ಬೆಂಗಳೂರಿನ ಗೋದಾಮಿನಿಂದ ಅಂಗೈಯಗಲದ ಒಂದು ಡಬ್ಬಿ ಬರುತ್ತಿಲ್ಲ.

ನನ್ನ ಜೊತೆ ಮುಂಗಡ ಕಟ್ಟಿದವರಲ್ಲಿ ಆಲೂಗಡ್ಡೆ ಬೆಳೆಯುವ ಗೌಡರೊಬ್ಬರಿದ್ದಾರೆ. ಅವರ ಸಿಟ್ಟು ನನ್ನಂತೆ ಪುಸ್ತಕದ್ದಲ್ಲ. ಒಂದು ದಿನ ಮಳಿಗೆಯ ಹುಡುಗನಿಗೆ ವ್ಯವಸಾಯ ಶಾಸ್ತ್ರವನ್ನೇ ಹೇಳಿದರು. "ಬಿತ್ತನೆ ಆಲೂಗಡ್ಡೆ ಎಲ್ಲಿಂದ ಬರುತ್ತದೆ ಗೊತ್ತೇನಪ್ಪಾ? ಪಂಜಾಬಿನ ಜಲಂಧರದಿಂದ. ಲಾರಿಯಲ್ಲಿ. ಕೊಳೆಯುವ ಮಾಲು ಅದು. ಆದರೂ ಬಿತ್ತನೆಗೆ ಮೊದಲು ಎಪಿಎಂಸಿ ಮುಟ್ಟುತ್ತದೆ. ಯಾಕೆಂದರೆ ಮಳೆ ಕಾಯುವುದಿಲ್ಲ. ರೋಹಿಣಿ ಮಳೆಗೆ ಬಿತ್ತಬೇಕಾದ್ದನ್ನು ಮುಂದಿನ ವಾರ ಬಿತ್ತುತ್ತೇನೆ ಅಂದರೆ ನೆಲ ಕೇಳುತ್ತದೆಯೇ? ನಿನ್ನ ಮೊಬೈಲು ಕೊಳೆಯುತ್ತದೆಯೇ, ಮೊಳೆಯುತ್ತದೆಯೇ? ಅದಕ್ಕೇನು ಅವಸರ!" ಹುಡುಗ ಗಂಭೀರವಾಗಿ, "ನಿಮ್ಮ ಅಭಿಪ್ರಾಯವನ್ನು ಮೇಲಕ್ಕೆ ತಿಳಿಸುತ್ತೇನೆ ಸರ್" ಎಂದ. ಗೌಡರು ತಲೆಯೆತ್ತಿ ಮಳಿಗೆಯ ಛಾವಣಿಯನ್ನು ನೋಡಿದರು.

ಹುಡುಗನ ತಪ್ಪೇನೂ ಇಲ್ಲ, ಅದು ನನಗೆ ಗೊತ್ತು. ಅವನಿಗೆ ಬರುವುದು ಸಂಬಳ ಮತ್ತು ಬೈಗುಳ, ಮಾಹಿತಿಯಲ್ಲ. ಕಂಪನಿಯ ಲೆಕ್ಕಾಚಾರವೂ ಅರ್ಥವಾಗುತ್ತದೆ: ತೊಂಬತ್ತರ ದಶಕದಲ್ಲಿ ಮಂಜೂರಾದ, ಬೆಂಗಳೂರಿಂದ ಹಾಸನಕ್ಕೆ ಬರುವ ಕುಣಿಗಲ್ ಮಾರ್ಗದ ರೈಲಿಗೆ 2017ರವರೆಗೆ ಕಾದ ಜನ ನಾವು, ಒಂದು ಫೋನಿಗೆ ಏಳು ತಿಂಗಳು ಯಾವ ಲೆಕ್ಕ? ನಮ್ಮ ಪಂಚಾಂಗಕ್ಕಾದರೂ ಅಧಿಕ ಮಾಸ ಬರುವುದು ಎರಡೂವರೆ ವರ್ಷ ದಾಟಿದ ಮೇಲೆ. ಇವರದರಲ್ಲಿ ಮುಂಗಡ ಕಟ್ಟಿದ ಮಾರನೆಯ ದಿನವೇ ಶುರು.

ನನ್ನ ಮನೆಯಾಕೆ ಈ ಸಲ ಹಾಸನಾಂಬೆಯ ದರ್ಶನಕ್ಕೆ ಸರದಿಯಲ್ಲಿ ನಿಂತಾಗ ಒಂದು ಮಾತು ಹೇಳಿದಳು. ತಾಯಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ಆದರೆ ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಎಂದರೆ ಅದೇ ಗುರುವಾರ. "ತಾಂತ್ರಿಕ ಕಾರಣಗಳಿಂದ ಮುಂದೂಡಲಾಗಿದೆ" ಎಂದು ಗರ್ಭಗುಡಿಯಿಂದ ಈವರೆಗೆ ಸಂದೇಶ ಬಂದಿಲ್ಲ. ಆರು ಗಂಟೆ ನಿಂತೆವು, ಅರೆಗಳಿಗೆ ಕಂಡೆವು, ಕೈ ಮುಗಿದೆವು. ಅಲ್ಲಿಂದ ಹೊರಟವನಿಗೆ ಮನಸ್ಸು ತಡೆಯದೆ ನೇರವಾಗಿ ಬಿ.ಎಂ. ರಸ್ತೆಗೆ ನಡೆದೆ. ಮಳಿಗೆ ವರ್ಷವಿಡೀ ತೆರೆದಿರುತ್ತದೆ. ಬಾಗಿಲು ತಾನಾಗಿಯೇ ಸರಿಯುತ್ತದೆ. ಒಳಗೆ ತಂಪಾಗಿದೆ. ಮೊಬೈಲ್ ಒಂದಿಲ್ಲ, ಅಷ್ಟೇ.

ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ನಡುವೆ ಒಂದು ಗಾಜಿನ ಪೆಟ್ಟಿಗೆಯಿದೆ. ಅದರೊಳಗೆ ಫೋನಿನ ಡಮ್ಮಿ ಇದೆ. ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಪರದೆಯ ಚಿತ್ರದ ಸ್ಟಿಕ್ಕರ್. ಯುಗಾದಿಯಿಂದಲೂ ಅದರಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಬ್ಯಾಟರಿ ನೂರಕ್ಕೆ ನೂರು. ಸಿಗ್ನಲ್‌ನ ಕಡ್ಡಿಗಳೆಲ್ಲ ತುಂಬಿವೆ. ಈ ಕಂಪನಿಯ ಸಿಗ್ನಲ್ ಇಷ್ಟು ತುಂಬಿದ್ದನ್ನು ನಾನು ಹಾಸನದಲ್ಲಿ ಬೇರೆಲ್ಲೂ ನೋಡಿಲ್ಲ. ಆಯುಧಪೂಜೆಗೆ ಹಚ್ಚಿದ ಕುಂಕುಮದ ಬೊಟ್ಟು ಅದರ ಹಣೆಯ ಮೇಲೆ ಇನ್ನೂ ಹಾಗೆಯೇ ಇತ್ತು.

ಗೌಡರು ಆಗಲೇ ಬಂದು ಪೆಟ್ಟಿಗೆಯ ಮುಂದೆ ನಿಂತಿದ್ದರು. ನನ್ನನ್ನು ಕಂಡು, "ಮೇಷ್ಟ್ರೇ, ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ" ಎಂದರು. ಹುಡುಗನನ್ನು ಕರೆದರು. "ನೋಡಪ್ಪಾ, ಆ ಇನ್ನೊಂದು ಬರುವಾಗ ಬರಲಿ. ನನ್ನ ಸಾವಿರಕ್ಕೆ ಇದನ್ನೇ ಕೊಟ್ಟುಬಿಡು. ಚಾರ್ಜ್ ಮುಗಿಯುವುದಿಲ್ಲ, ಸಿಗ್ನಲ್ ಹೋಗುವುದಿಲ್ಲ, ರೀಚಾರ್ಜ್ ಮಾಡಿಸು ಎಂದು ನೀವೂ ಕಾಡುವಂತಿಲ್ಲ."

ಹುಡುಗ ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ.

"ಇದಕ್ಕೂ ಬೆಂಗಳೂರಿನಿಂದ ಅನುಮತಿ ಬರಬೇಕು ಸರ್. ಮುಂದಿನ ವಾರ ಬನ್ನಿ."